ಸ್ಪಷ್ಟನೆ: ಎಣಿಕೆ +3 ಆದರೂ ‘ಜೋಡಿ’ ಬೆಟ್ ಗಿಟ್ಟುವುದಿಲ್ಲ

ಬೆಂಗಳೂರಿನಿಂದ ಗೋವಾ ಕ್ಯಾಸಿನೊಗೆ ಹೊರಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: “ಬ್ಲ್ಯಾಕ್‌ಜಾಕ್‌ನಲ್ಲಿ ಹೈ-ಲೋ ಎಣಿಕೆ +3 ಮುಟ್ಟಿದರೆ ಇನ್ಶೂರೆನ್ಸ್, ಪರ್ಫೆಕ್ಟ್ ಪೇರ್ಸ್ ಎರಡನ್ನೂ ಕಟ್ಟಿ.” ಹೈ-ಲೋ ಎಂದರೆ, ಬಿದ್ದ ಎಲೆಗಳಲ್ಲಿ 2ರಿಂದ 6ಕ್ಕೆ +1, ಹತ್ತರ ಬೆಲೆಯವಕ್ಕೂ (10, ಜಾಕಿ, ರಾಣಿ, ರಾಜ) ಎಕ್ಕಕ್ಕೂ -1 ಹಾಕಿ ಕೂಡುತ್ತ ಹೋಗುವ ಲೆಕ್ಕ. ಮೆಸೇಜು ಅರ್ಧ ಸರಿ, ಅರ್ಧ ತಪ್ಪು.

ಇನ್ಶೂರೆನ್ಸ್ ಮಾತು ಸರಿ. ಎಲೆ ಹಂಚುವ ಡೀಲರ್‌ಗೆ ಎಕ್ಕ ಬಿದ್ದಾಗ, ಅವರ ಮುಚ್ಚಿದ ಎಲೆ ಹತ್ತರ ಬೆಲೆಯದು ಎಂದು ಕಟ್ಟುವ ಬೆಟ್ ಅದು; ಗೆದ್ದರೆ ಒಂದಕ್ಕೆ ಎರಡು ಕೊಡುತ್ತದೆ. ಉಳಿದ ಎಲೆಗಳಲ್ಲಿ ಹತ್ತರ ಬೆಲೆಯವು ಮೂರನೇ ಒಂದು ಪಾಲು ದಾಟಿದರಷ್ಟೇ ಲಾಭ. ಆರು ಪ್ಯಾಕಿನ ಆಟದ ಶುರುವಿನಲ್ಲಿ, ಡೀಲರ್‌ಗೆ ಎಕ್ಕ ಬಿದ್ದಾಗ, ಉಳಿದ 311ರಲ್ಲಿ ಅಂಥವು 96. ನೂರು ರೂಪಾಯಿಗೆ ಸರಾಸರಿ 7.40 ನಷ್ಟ. ಎಣಿಕೆ +3 ಮುಟ್ಟಿದಾಗ ಆ ಪಾಲು ಸಾಮಾನ್ಯವಾಗಿ ಮೂರನೇ ಒಂದನ್ನು ದಾಟುತ್ತದೆ. ಆದರೆ +3 ಎಂದರೆ ಬಾಯಲ್ಲಿ ಎಣಿಸಿದ ಮೊತ್ತವಲ್ಲ. ಮೊತ್ತ +12 ಇದ್ದು, ನಾಲ್ಕು ಪ್ಯಾಕ್ ಉಳಿದಿದ್ದರೆ, ಭಾಗಿಸಿದಾಗ +3. ಎಡವುವುದು ಬಹುತೇಕ ಇಲ್ಲೇ, ಮೆಸೇಜಿನಲ್ಲಿ ಇದರ ಸುಳಿವೇ ಇಲ್ಲ.

ಪರ್ಫೆಕ್ಟ್ ಪೇರ್ಸ್, ಅಂದರೆ ನಿಮ್ಮ ಮೊದಲ ಎರಡು ಎಲೆ ಜೋಡಿಯಾಗುತ್ತವೆ ಎಂದು ಕಟ್ಟುವ ಬೆಟ್, ಬೇರೆಯೇ ಲೆಕ್ಕ. ನಿಮಗೆ ಮೊದಲು ಆಟೀನ್ 8 ಬಂತೆನ್ನಿ. ಉಳಿದ 311ರಲ್ಲಿ ಅದೇ ಎಲೆ 5, ಅದೇ ಬಣ್ಣದ ಎಂಟು 6, ಬೇರೆ ಬಣ್ಣದವು 12. ಇವಕ್ಕೆ 25, 12, 6 ಪಟ್ಟು ಕೊಟ್ಟರೂ ಶೇ. 6.1 ನಷ್ಟವೇ. ಹೈ-ಲೋದಲ್ಲಿ 7, 8, 9ಕ್ಕೆ ಸೊನ್ನೆ. ಎಂಟುಗಳು ನಾಲ್ಕೇ ಉಳಿದಿರಲಿ, ಇಪ್ಪತ್ತಿರಲಿ, ಎಣಿಕೆಗೆ ಗೊತ್ತೇ ಆಗುವುದಿಲ್ಲ!

ಪ್ರತಿ ಆಟಕ್ಕೂ ಎಲೆ ಕಲೆಸುವ ಯಂತ್ರವಿದ್ದ ಕಡೆ ಎಣಿಕೆಯೇ ವ್ಯರ್ಥ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.