ಒಂದು ಸೊನ್ನೆಯ ಬೆಲೆ

ಇಂಗ್ಲೆಂಡಿನ ನಮ್ಮ ಸಣ್ಣ ಊರಿನ ಕೌನ್ಸಿಲಿನಿಂದ ಈ ಬೆಳಿಗ್ಗೆ ಬಂದ ಪತ್ರವನ್ನು ಮೂರು ಸಲ ಓದಿದೆ. ದಂಡವನ್ನು ರದ್ದುಪಡಿಸಿದ್ದಾರೆ, ಸಂತೋಷ. ಆದರೆ ಅದು 'ಈ ಒಂದು ಸಲಕ್ಕೆ ಮಾತ್ರ, ಸದ್ಭಾವನೆಯಿಂದ' ಎಂದು ತಿಳಿಸಿ, ಇನ್ನು ಮುಂದಾದರೂ ಕಾರಿನ ಸಂಖ್ಯೆಯನ್ನು ಎಚ್ಚರದಿಂದ ಒತ್ತಬೇಕೆಂದು ಬುದ್ಧಿಯನ್ನೂ ಹೇಳಿದ್ದಾರೆ. ಹಣ ಕೊಟ್ಟೇ ಗಾಡಿ ನಿಲ್ಲಿಸಿದವಳಿಗೆ ಕ್ಷಮಾದಾನ!

ಗ್ರಂಥಾಲಯದ ಹಿಂದಿನ ಕಾರ್ ಪಾರ್ಕಿನ ಯಂತ್ರಕ್ಕೆ 2 ಪೌಂಡ್ 40 ಪೆನ್ಸ್ ತಿನ್ನಿಸಿ, ಮಳೆಯಲ್ಲಿ ಕೊಡೆಯನ್ನು ಕುತ್ತಿಗೆ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ನಾನು ಸಂಖ್ಯೆ ಒತ್ತಿದ್ದೆ. ನಮ್ಮದು 2009ರ ಮುದಿ ಕಾರು. ಇಲ್ಲಿನ ಪದ್ಧತಿಯಂತೆ ಮೊದಲ ಎರಡು ಅಕ್ಷರಗಳ ನಂತರ ವರ್ಷ ಸೂಚಿಸುವ 09 ಬರುತ್ತದೆ; ನಮ್ಮ ಗ್ರಹಚಾರಕ್ಕೆ ಎರಡನೆಯ ಅಕ್ಷರ 'ಓ'. ನಂಬರ್ ಪ್ಲೇಟಿನಲ್ಲಿ ಓ ಮತ್ತು ಸೊನ್ನೆ ಎರಡಕ್ಕೂ ಒಂದೇ ಅಚ್ಚು, ಯಂತ್ರದಲ್ಲಿ ಮಾತ್ರ ಬೇರೆ ಬೇರೆ ಗುಂಡಿ. ನಾನು ಎರಡು ಸಲವೂ ಸೊನ್ನೆಯನ್ನೇ ಒತ್ತಿದೆ. ಪುಸ್ತಕ ಹಿಂದಿರುಗಿಸಿ ಬರುವಷ್ಟರಲ್ಲಿ ಗಾಜಿಗೆ ಲಕೋಟೆ ಅಂಟಿತ್ತು: 50 ಪೌಂಡ್ ದಂಡ, 14 ದಿನಗಳೊಳಗೆ ಕಟ್ಟಿದರೆ 25.

ಇಪ್ಪತ್ತೈದು ಕಟ್ಟಿ ಕೈ ತೊಳೆದುಕೋ ಎಂದರು ನನ್ನವರು. ಆದರೆ ಆಗ ಹಾಸನದಿಂದ ಬಂದಿದ್ದ ಮಾವನವರು ಮನೆಯಲ್ಲಿದ್ದರು. ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು. ಎರಡು ತಿಂಗಳಿಂದ ಕಿಟಕಿಯ ಬಳಿ ಕುಳಿತು ಎದುರು ಮನೆಯ ಬೆಕ್ಕಿನ ಹಾಜರಾತಿ ತೆಗೆದುಕೊಳ್ಳುತ್ತಿದ್ದವರು, "ನೋಟಿಸು ಇಲ್ಲಿ ಕೊಡಮ್ಮ" ಎಂದು ಕನ್ನಡಕ ಏರಿಸಿದರು.

ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ನಾಲ್ಕು ಪುಟಗಳ ಮನವಿ ಸಿದ್ಧವಾಗಿತ್ತು. 'ಇವರಿಂದ', 'ಇವರಿಗೆ', 'ವಿಷಯ', ನಾಲ್ಕು 'ಉಲ್ಲೇಖ'ಗಳು, ಆಮೇಲೆ 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ'. ಇದನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನದು. ಮೂರನೆಯ ಪುಟದಲ್ಲಿ, ಕನ್ನಡದಲ್ಲಿ ಅನುಸ್ವಾರವನ್ನೂ ಸೊನ್ನೆಯೆಂದೇ ಕರೆಯುವುದು ರೂಢಿಯಾಗಿದ್ದರೂ 'ಅಂಗಡಿ'ಯ ನಡುವೆ ಅಂಕಿಯಿದೆಯೆಂದು ಯಾರಿಗೂ ಜುಲ್ಮಾನೆ ವಿಧಿಸಿದ ನಿದರ್ಶನವಿಲ್ಲ ಎಂಬ ವಾದವಿತ್ತು. ಇದನ್ನು ಬಿಡೋಣವೇ ಎಂದು ಕೇಳಿದ್ದಕ್ಕೆ, "ಅದೇ ಕೇಸಿನ ಜೀವ" ಎಂದರು.

ಕೌನ್ಸಿಲಿನ ಜಾಲತಾಣದಲ್ಲಿ ಇದ್ದದ್ದು ಬೆಂಕಿಪೊಟ್ಟಣದಷ್ಟು ಜಾಗ. ನಾನು ಮೂರು ಸಾಲು ಬರೆದು, ಹಣ ಕಟ್ಟಿದ ಚೀಟಿಯ ಚಿತ್ರವನ್ನೂ, ಮಾವನವರ ಸಮಾಧಾನಕ್ಕೆ ನಾಲ್ಕೂ ಪುಟಗಳನ್ನೂ ಲಗತ್ತಿಸಿದೆ. "ಸ್ವೀಕೃತಿ ಮುದ್ರೆ ಎಲ್ಲಿ?" ಎಂದು ಕೇಳಿದರು. ತಾನಾಗಿ ಬಂದ ಇಮೇಲನ್ನು ಮುದ್ರಿಸಿ ಕೊಟ್ಟ ಮೇಲೆ, ಅದಕ್ಕೆ ಪುಟ ಸಂಖ್ಯೆ ಹಾಕಿ, ತೂತು ಮಾಡಿ, ನನ್ನ ಮಗಳ ಶೂ ಲೇಸಿನಿಂದ ಕಡತ ಕಟ್ಟಿದರು. ಮಗಳು ಎರಡು ದಿನ ಚಪ್ಪಲಿಯಲ್ಲಿ ಓಡಾಡಿದಳು.

ನಿಜ ಹೇಳಬೇಕೆಂದರೆ, ಮನವಿ ತಿರಸ್ಕೃತವಾಗಲಿ ಎಂದೇ ಅವರು ಕಾಯುತ್ತಿದ್ದರು. ಹಾಗಾದರೆ ಮಾಲೀಕರ ಹೆಸರಿಗೆ ನೋಟಿಸು ಬರುತ್ತದೆ, ಅದಕ್ಕೆ 28 ದಿನಗಳಲ್ಲಿ ಮತ್ತೊಂದು ಆಕ್ಷೇಪಣೆ ಸಲ್ಲಿಸಬಹುದು, ಅದೂ ಬಿದ್ದರೆ ಶುಲ್ಕವಿಲ್ಲದೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು ಎಂದು ನಾನೇ ಓದಿ ಹೇಳಿದ್ದೆ. ವಿಚಾರಣೆಗೆಂದು ಕೋಟನ್ನು ಇಸ್ತ್ರಿ ಮಾಡಿಸಿಟ್ಟಿದ್ದರು. ಅದು ಫೋನಿನಲ್ಲಿಯೋ ವಿಡಿಯೋದಲ್ಲಿಯೋ ನಡೆಯುತ್ತದೆಂದು ತಿಳಿದಾಗ ಒಂದು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ.

ಹೋದ ವಾರ ಅವರು ಊರಿಗೆ ಹೊರಟುಹೋದರು. ಶೂ ಲೇಸಿನ ಕಡತ ಕಪಾಟಿನಲ್ಲಿದೆ. ಕಿಟಕಿಯ ಬಳಿಯ ಕುರ್ಚಿ ಖಾಲಿಯಿದೆ. ಬೆಕ್ಕು ಸಮಯಕ್ಕೆ ಸರಿಯಾಗಿ ಬಂದು ಅತ್ತ ನೋಡಿ ಹೋಗುತ್ತದೆ.

ಈ ಬೆಳಿಗ್ಗೆಯೇ ಫೋನು ಮಾಡಿ ಗೆದ್ದೆವು ಎಂದೆ. ಪತ್ರವನ್ನು ಪೂರ್ತಿ ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅನುಸ್ವಾರದ ಬಗ್ಗೆ ಏನೂ ಬರೆದಿಲ್ಲವೇನಮ್ಮ?"

"ಇಲ್ಲ ಮಾವ."

"ಹಾಗಾದರೆ ಮೂರನೆಯ ಪುಟ ಓದಿಯೇ ಇಲ್ಲ. ಕಡತ ಮುಚ್ಚಬೇಡ."