10,000 ಹೆಜ್ಜೆ ಆಗದಿದ್ದರೆ ವಾಕಿಂಗ್ ವ್ಯರ್ಥವೇ? ಖಂಡಿತ ಅಲ್ಲ

‘ದಿನಕ್ಕೆ 10,000 ಹೆಜ್ಜೆ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ, ಅದಕ್ಕಿಂತ ಕಡಿಮೆ ನಡೆದರೆ ಪ್ರಯೋಜನವಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಈ ಸಂಖ್ಯೆ ಹುಟ್ಟಿದ್ದು ಜಪಾನಿನ ಮಾರುಕಟ್ಟೆಯಲ್ಲಿ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಅಲ್ಲಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ‘ಮಾನ್ಪೊಕೇ’ ಎಂದು ಮಾರಿತು. ಹಾಗೆಂದರೆ ‘ಹತ್ತು ಸಾವಿರ ಹೆಜ್ಜೆಯ ಮೀಟರ್’.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಹೆಜ್ಜೆಯ ಗುರಿಯೇ ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದಿದೆ. ಒಂದೇ ಸಲ ಹತ್ತು ನಿಮಿಷ ನಡೆಯಲೇಬೇಕು ಎಂಬ ಹಳೆಯ ಷರತ್ತನ್ನೂ ಕೈಬಿಟ್ಟಿದ್ದಾರೆ. ಮಧ್ಯಮ ಶ್ರಮ ಅಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ: ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು.

ಅಮೆರಿಕದ ವಯಸ್ಸಾದ ಮಹಿಳೆಯರ ಮೇಲಿನ 2019ರ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಇಳಿಕೆ ಕಾಣಲಿಲ್ಲ.

ಫೋನಿನ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಅದನ್ನು ಮೇಜಿನ ಮೇಲಿಟ್ಟು ಮನೆಯಿಡೀ ಗುಡಿಸಿ ಒರೆಸಿದರೆ ಒಂದು ಹೆಜ್ಜೆಯೂ ದಾಖಲಾಗದು. ಆ ಕೆಲಸವೂ ದೇಹಶ್ರಮವೇ.

ಮುಖ್ಯವಾಗಿ, 3,000ದಿಂದ ಒಮ್ಮೆಲೇ 10,000ಕ್ಕೆ ಜಿಗಿಯಬೇಡಿ. ಹಿಮ್ಮಡಿ, ಮಂಡಿ ನೋವು ಶುರುವಾಗಿ ನಡಿಗೆಯೇ ನಿಂತುಹೋಗಬಹುದು. ವಾರಕ್ಕೆ 500ರಿಂದ 1,000 ಹೆಜ್ಜೆ ಏರಿಸಿದರೆ ಸಾಕು.