ಮಾತ್ರೆ ನುಂಗಿದ್ಯೇನೋ ಅಂತ ಕೇಳುವ ಮುಂಚೆ

ತಮ್ಮನಿಗೆ ಫಿಟ್ಸ್ ಬಂದ ಮಾರನೇ ದಿನ ನಮ್ಮನೆಯಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು. ಅಮ್ಮ ಮಾತ್ರೆಯ ಸ್ಟ್ರಿಪ್ ಹಿಡಿದು, ಖಾಲಿ ಗುಳಿಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. "ನಿಜವಾಗ್ಲೂ ನುಂಗಿದ್ಯೇನೋ?" ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಹಿಂದಿನ ದಿನ ನಾಲಿಗೆ ಕಚ್ಚಿಕೊಂಡವನು ಏನು ಮಾತಾಡಿಯಾನು? ತಲೆ ತಗ್ಗಿಸಿ ಕೂತಿರುತ್ತಿದ್ದ. ನಾನೂ ಅನುಮಾನಪಟ್ಟಿದ್ದೆ. ಕೊನೆಗೆ ಅವನ ಫಿಟ್ಸ್ ಮಾತ್ರೆ ಫೆನಿಟಾಯಿನ್ ರಕ್ತದಲ್ಲಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದೆವು. ಇರಬೇಕಾದಷ್ಟು ಇತ್ತು.

ರಕ್ತದಲ್ಲಿದ್ದ ಮಾತ್ರಕ್ಕೆ ಔಷಧಿ ಮೆದುಳು ಸೇರಿತು ಅಂತ ಅಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು.

1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಮೈಯೆಲ್ಲಾ ಬಣ್ಣ ಹಿಡಿಯಿತು, ಮೆದುಳು ಹಿಡಿಯಲಿಲ್ಲ. ಮೆದುಳಿಗೆ ಬಣ್ಣ ಅಂಟೋದೇ ಇಲ್ಲ ಅಂದುಕೊಂಡರು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮೆದುಳಿನ ಸುತ್ತಲ ನೀರಿಗೇ ಬಿಟ್ಟರು. ಆಗ ಮೆದುಳು ಚೆನ್ನಾಗಿಯೇ ಬಣ್ಣ ಹಿಡಿಯಿತು. ತಪ್ಪು ಮೆದುಳಿನದ್ದಲ್ಲ, ನಡುವೆ ಗೋಡೆಯಿತ್ತು.

ಮೆದುಳಿನ ಸಣ್ಣ ರಕ್ತನಾಳಗಳ ಕೋಶಗಳು ಸಂದಿಯೇ ಇಲ್ಲದಂತೆ ಬೆಸೆದುಕೊಂಡಿವೆ. ಡಯಾಜೆಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ಔಷಧಿ ಕೋಶದೊಳಗಿಂದಲೇ ಬೇಗ ನುಸುಳುತ್ತದೆ. ಗ್ಯಾಬಪೆಂಟಿನ್, ಅಮೈನೋ ಆಮ್ಲಗಳನ್ನು ಸಾಗಿಸುವ ವಾಹಕವನ್ನೇ ಹತ್ತಿ ದಾಟುತ್ತದೆ. ಫೆನಿಟಾಯಿನ್ ಕತೆ ಬೇರೆ. ಅದರ ಸುಮಾರು ಶೇ. 90 ಭಾಗ ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದ ಸ್ವಲ್ಪಕ್ಕೆ ಮಾತ್ರ ದಾಟುವ ಅವಕಾಶ. ಮಾಮೂಲಿ ರಿಪೋರ್ಟ್‌ನಲ್ಲಿ ಬರುವುದು ಎರಡೂ ಸೇರಿದ ಅಂಕಿ.

ಗೋಡೆಯಲ್ಲಿ ಪಂಪುಗಳೂ ಇವೆ. ಪಿ-ಗ್ಲೈಕೊಪ್ರೋಟೀನ್ ಅನ್ನುವುದು ಒಳಗೆ ಬಂದ ಔಷಧಿಯನ್ನು ವಾಪಸ್ ರಕ್ತಕ್ಕೆ ತಳ್ಳುತ್ತದೆ. ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಆಪರೇಷನ್ ಮಾಡಿ ತೆಗೆದ ಮೆದುಳಿನ ಭಾಗಗಳಲ್ಲಿ ಈ ಪಂಪು ಜಾಸ್ತಿ ಇರುವುದನ್ನು 1995ರಲ್ಲೇ ವರದಿ ಮಾಡಿದ್ದಾರೆ. ಇದೊಂದೇ ಕಾರಣ ಅಂತ ಸಾಬೀತಾಗಿಲ್ಲ. ಔಷಧಿ ಕೆಲಸ ಮಾಡಬೇಕಾದ ನರಕೋಶವೇ ಬದಲಾಗಿರಬಹುದು. ತಮ್ಮನಿಗೆ ಯಾವುದು ಅಂತ ಯಾರೂ ಹೇಳಿಲ್ಲ. ಆದರೆ ಡಾಕ್ಟರ್ ಇದನ್ನೆಲ್ಲ ಬಿಡಿಸಿ ಹೇಳಿದ ದಿನ ಅಮ್ಮ ಕೇಳಿದ್ದು ಒಂದೇ, "ಹಾಗಾದ್ರೆ ಇವನ ತಪ್ಪೇನಿಲ್ಲ ಅಲ್ವಾ ಸಾರ್?"

ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆಯಿಂದ ಫಿಟ್ಸ್ ಪೂರ್ತಿ ಹತೋಟಿಗೆ ಬರುವುದಿಲ್ಲ. ಮಾತ್ರೆ ತಪ್ಪಿಸುವವರೂ ಇದ್ದಾರೆ, ಕೇಳಬೇಕು ನಿಜ. ಕೇಳುವ ಬಗೆ ಬೇರೆ ಇರಲಿ. ಕಳ್ಳನನ್ನು ಹಿಡಿದ ಹಾಗೆ ಬೇಡ. ದಯವಿಟ್ಟು ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ.

ನನಗೆ ಸಿಟ್ಟಿರುವುದು ಕಳೆದುಹೋದ ಏಳು ವರ್ಷದ ಬಗ್ಗೆ. ಸರಿಯಾಗಿ ಆರಿಸಿದ ಎರಡು ಔಷಧಿಗೂ ಫಿಟ್ಸ್ ನಿಲ್ಲದಿದ್ದರೆ ಅದು ಮಾತ್ರೆಗೆ ಬಗ್ಗದ ಮೂರ್ಛೆ ಅನ್ನುವುದು 2010ರಿಂದಲೂ ಇರುವ ಅಂತಾರಾಷ್ಟ್ರೀಯ ವ್ಯಾಖ್ಯೆ. ನಮಗೆ ಮೂರನೆಯದು ಬರೆದರು, ನಾಲ್ಕನೆಯದೂ ಬರೆದರು. ಆಪರೇಷನ್‌ಗೆ ದಾರಿ ಇದೆಯಾ ನೋಡೋಣ ಅಂತ ಒಬ್ಬರೂ ಹೇಳಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾದಲ್ಲಿ ಮೂರ್ಛೆಗೆ ಆಪರೇಷನ್ ಮಾಡುತ್ತಾರೆ. ಎರಡು ಮಾತ್ರೆ ಸೋತಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ತಮ್ಮನಿಗೆ ಎಂಆರ್‌ಐ ಆಗಿದೆ. ಮುಂದಿನ ತಿಂಗಳು ವಿಡಿಯೋ ಇಇಜಿಗೆ, ಅಂದರೆ ಫಿಟ್ಸ್ ಬರುವುದನ್ನೂ ಆಗ ಮೆದುಳಿನಲ್ಲಿ ಹರಿಯುವ ವಿದ್ಯುತ್ತನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆಗೆ, ಅಡ್ಮಿಟ್ ಆಗಬೇಕು. ಜೊತೆಗೆ ಅಮ್ಮನೇ ಇರುತ್ತಾಳಂತೆ.